ಹೆರಿಗೆಯ ರಕ್ತಸ್ರಾವವೂ ಬೆಳಗಾವಿಯ ಔಷಧಪರೀಕ್ಷೆಯೂ

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದುಬಂದುದು 1902ನೆಯ ಇಸವಿಯಲ್ಲಿ. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಗಣಿಗಳ ಯಂತ್ರಗಳನ್ನು ನಡೆಸುವುದಕ್ಕಾಗಿ ಸುಮಾರು 92 ಮೈಲಿ ದೂರ ತಂತಿಯನ್ನೆಳೆದರು. ಮೈಸೂರು ಸಂಸ್ಥಾನದ ಏಳಿಗೆಯನ್ನು ಬಣ್ಣಿಸುವವರು ಈ ಸಂಗತಿಯನ್ನು ಬಿಡುವುದಿಲ್ಲ, ಬಿಡಬೇಕಾದುದೂ ಇಲ್ಲ. ಆದರೆ ಅಲ್ಲಿಂದ ನೂರು ವರ್ಷಕ್ಕೆ, 2002ನೆಯ ಸೆಪ್ಟೆಂಬರಿನಲ್ಲಿ, ಇದೇ ಕನ್ನಡನಾಡಿನ ಬೆಳಗಾವಿ ಜಿಲ್ಲೆಯಲ್ಲಿ ಮೊದಲಾದ ವೈದ್ಯಶೋಧನೆಯೊಂದರ ಹಿಂದೆ ಇದ್ದ ಪ್ರಶ್ನೆಯು ಬೇರೆಯೇ ಆಗಿತ್ತು: ಔಷಧವನ್ನು ತಂಪಾಗಿಡುವ ಪೆಟ್ಟಿಗೆಯಿಲ್ಲದ ಮನೆಯಲ್ಲಿ ಹೆರುವ ಹೆಂಗಸಿಗೆ ಏನನ್ನು ಕೊಡಬಹುದು? ಗಣಿಯ ಯಂತ್ರಕ್ಕೆ ಒದಗಿದ ಶಕ್ತಿಯ ಪ್ರಯೋಜನವು, ಒಂದು ಶತಮಾನ ಕಳೆದರೂ, ಹಳ್ಳಿಯ ಬಾಣಂತಿಗೆ ಈ ಬಗೆಯಲ್ಲಿ ದೊರೆತಿರಲಿಲ್ಲ.

ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶವು ಬಿಗಿಯಾದರೆ ತೆರೆದ ರಕ್ತನಾಳಗಳ ಬಾಯಿ ಮುಚ್ಚುವುದು. ಅದು ಸಡಿಲವಾಗಿಯೇ ಉಳಿದರೆ ಕೆಲವು ಗಂಟೆಗಳಲ್ಲಿಯೇ ತಾಯಿಯ ಪ್ರಾಣಕ್ಕೆ ಎರವಾಗಬಹುದು. ರೈ ಧಾನ್ಯಕ್ಕೆ ಹತ್ತುವ ಎರ್ಗಟ್ ಎಂಬ ಬೂಷ್ಟನ್ನು ಯೂರೋಪಿನ ಸೂಲಗಿತ್ತಿಯರು ಬಹುಕಾಲದಿಂದ ಬಲ್ಲವರಾಗಿದ್ದರು. ಅದರ ಸತ್ತ್ವವಾದ ಎರ್ಗೋಮೆಟ್ರಿನ್ 1935ರಲ್ಲಿ ಬೇರ್ಪಟ್ಟಿತು. ಪಿಟ್ಯುಟರಿ ಗ್ರಂಥಿಯ ರಸದಲ್ಲಿಯೂ ಗರ್ಭಕೋಶವನ್ನು ಬಿಗಿಯಿಸುವ ಗುಣವುಂಟೆಂದು ಹೆನ್ರಿ ಡೇಲ್ ಪಂಡಿತರು 1906ರಲ್ಲಿ ಕಂಡರು. ಆ ರಸದಲ್ಲಿನ ಆಕ್ಸಿಟೋಸಿನನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿಯೇ ರಚಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆಕ್ಸಿಟೋಸಿನ್ನಿಗಿಂತ ಮಿಗಿಲಾದುದು ಆಸ್ಪತ್ರೆಗೆ ಬೇಕಿರಲಿಲ್ಲ. ಹಳ್ಳಿಗೆ ಮಾತ್ರ ಅದು ಒಗ್ಗಲಿಲ್ಲ. ಸೂಜಿಯಿಂದ ಕೊಡಬೇಕು, ಸೆಕೆಗೆ ಸಿಕ್ಕರೆ ಕೆಡುವುದು. ಹೊಟ್ಟೆಯ ಹುಣ್ಣಿಗೆಂದು ಸಿದ್ಧಪಡಿಸಿದ ಮಿಸೊಪ್ರೊಸ್ಟೋಲ್ ಎಂಬ ಗುಳಿಗೆಗೆ ಈ ಎರಡು ತೊಡಕುಗಳೂ ಇರಲಿಲ್ಲ.

ಅದನ್ನು ಪರೀಕ್ಷಿಸಹೊರಟವರು ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ ಮೊದಲಾದವರೂ ಅಮೆರಿಕೆಯ ರಿಚರ್ಡ್ ಡರ್ಮನ್ನರೂ. 2005ನೆಯ ಡಿಸೆಂಬರಿನವರೆಗೆ 1620 ಮಂದಿ ಸ್ತ್ರೀಯರು ಇದಕ್ಕೆ ಒಳಪಟ್ಟರು. ಹೆರಿಗೆಗಳು ನಡೆದುದು ಮನೆಗಳಲ್ಲಿ ಅಥವಾ ಉಪಕೇಂದ್ರಗಳಲ್ಲಿ. ಗುಳಿಗೆ ಕೊಟ್ಟವರು ವೈದ್ಯರಲ್ಲ, ಹಳ್ಳಿಯ ದಾದಿಯರು. ಚೀಟಿಯೆತ್ತಿದಂತೆ ವಿಂಗಡಿಸಿ 812 ಮಂದಿಗೆ 600 ಮೈಕ್ರೋಗ್ರಾಂ ಔಷಧವನ್ನೂ 808 ಮಂದಿಗೆ ಔಷಧಗುಣವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟರು. ಯಾರದು ಯಾವುದೆಂದು ದಾದಿಗೂ ತಿಳಿಯದು, ಬಾಣಂತಿಗೂ ತಿಳಿಯದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹರಿದ ರಕ್ತವೆಷ್ಟೆಂದು ಅಳೆಯುವುದು ಹೇಗೆ? ಸೀರೆಯೂ ನೆಲವೂ ಹೀರಿದುದನ್ನು ಕಣ್ಣಳತೆಯಿಂದ ಹೇಳುವುದೇ ಅದುವರೆಗಿನ ವಾಡಿಕೆ. ಈ ವಿದ್ವಾಂಸರು ಪ್ಲಾಸ್ಟಿಕ್ಕಿನ ಹಾಸೊಂದನ್ನು ಮಾಡಿಸಿದರು. ಮಗು ಹುಟ್ಟಿದೊಡನೆ ಅದನ್ನು ತಾಯಿಯ ಕೆಳಗೆ ಹರಡಿದರೆ ರಕ್ತವು ಜಾರಿ, ಅಳತೆಯ ಗೆರೆಗಳುಳ್ಳ ಚೀಲದಲ್ಲಿ ಸೇರುವುದು. ನಿರ್ಮಿಸಿದ ಏಳು ಮಂದಿಯ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. 123 ಹೆರಿಗೆಗಳಲ್ಲಿ ಎರಡು ಬಗೆಯ ಅಳತೆಯನ್ನೂ ಹೋಲಿಸಿದಾಗ, ಕಣ್ಣಳತೆಯು ಹಾಸಿನ ಅಳತೆಗಿಂತ ನೂರಕ್ಕೆ 33ರಷ್ಟು ಕಡಮೆಯೆಂದು ಕಂಡುಬಂದಿತು. ಹಳೆಯ ದಾಖಲೆಗಳ ಅಂಕಿಗಳನ್ನು ನಂಬಿ ಪ್ರಸವದ ಇತಿಹಾಸವನ್ನು ಬರೆಯುವವರು ಇದನ್ನು ಗಮನಿಸಬೇಕು. ನನ್ನ ಎಣಿಕೆಯಲ್ಲಿ, ಗುಳಿಗೆಗಿಂತ ಈ ಹಾಸೇ ಬೆಳಗಾವಿಯ ಹೆಚ್ಚಿನ ಕಾಣಿಕೆ.

ಫಲಿತಾಂಶವು 2006ನೆಯ ಅಕ್ಟೋಬರಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 500 ಮಿಲಿಲೀಟರು ಅಥವಾ ಅದಕ್ಕೂ ಹೆಚ್ಚಿನ ಸ್ರಾವವು ಹುಸಿಗುಳಿಗೆಯವರಲ್ಲಿ ನೂರಕ್ಕೆ 12, ಔಷಧದವರಲ್ಲಿ 6.4, ಅತಿ ತೀವ್ರವಾದ ಸ್ರಾವವು 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ಸ್ರಾವವು ತಪ್ಪುವುದೆಂದು ಲೆಕ್ಕ. ನಡುಕವೂ ಜ್ವರವೂ ಔಷಧದವರಲ್ಲಿ ಹೆಚ್ಚು; ಅವು ಬೇಗನೆ ಇಳಿಯುತ್ತಿದ್ದುವು.

ಹಾಗಾದರೆ 808 ಮಂದಿಗೆ ಹುಸಿಗುಳಿಗೆಯನ್ನು ಕೊಟ್ಟುದು ನ್ಯಾಯವೇ? ಆ ಮನೆಗಳಲ್ಲಿ ಅದುವರೆಗೆ ಇಂತಹ ಯಾವ ಔಷಧವನ್ನೂ ಕೊಡುವ ಪದ್ಧತಿಯಿರಲಿಲ್ಲವಾದುದರಿಂದ ಯಾರಿಗೂ ಇದ್ದುದು ತಪ್ಪಲಿಲ್ಲವೆಂಬುದು ಒಂದು ಸಮಾಧಾನ. ಅದು ತರ್ಕಕ್ಕೆ ನಿಲ್ಲುವುದು. ಮನಸ್ಸಿಗೆ ಪೂರ್ತಿ ಒಪ್ಪುವುದೆಂದು ಹೇಳಲಾರೆನು. ಇದ್ದ ಪದ್ಧತಿಯೇ ಕೊರತೆಯದಾಗಿದ್ದಾಗ ಅದನ್ನೇ ಅಳತೆಗೋಲಾಗಿ ಹಿಡಿಯುವುದರಲ್ಲಿ ಒಂದು ಮುಳ್ಳು ಉಳಿದೇ ಇರುವುದು. ಶಿಶುವಿನ ವಿಷಯದಲ್ಲಿ ಈ ಆತಂಕವಿರಲಿಲ್ಲ. ಗುಳಿಗೆಯನ್ನು ಕೊಡುತ್ತಿದ್ದುದು ಮಗು ಹೊರಬಂದ ಮೇಲೆ. ಬಸುರಿನ ಮೊದಲ ತಿಂಗಳುಗಳಿಂದಲೇ ಆಸ್ಪಿರಿನ್ ಕೊಟ್ಟು ಅಕಾಲಪ್ರಸವವನ್ನು ತಡೆಯಲೆಳಸಿದ, ಬೆಳಗಾವಿಯವರೂ ಪಾಲುಗೊಂಡು 2020ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಆ ಪ್ರಶ್ನೆಯೂ ಸೇರಿತು.

ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಮಿಸೊಪ್ರೊಸ್ಟೋಲನ್ನು ಈ ಉಪಯೋಗಕ್ಕಾಗಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಸೆಕೆಗೆ ಕೆಡದ ಸೂಜಿಮದ್ದಿನ ಹುಡುಕಾಟವು ಅಲ್ಲಿಗೆ ನಿಲ್ಲಲಿಲ್ಲ. 30 ಡಿಗ್ರಿ ಉಷ್ಣದಲ್ಲಿ ಮೂರು ವರ್ಷ ಇಡಬಹುದಾದ ಕಾರ್ಬೆಟೋಸಿನನ್ನು ಹತ್ತು ದೇಶಗಳ 29,645 ಸ್ತ್ರೀಯರಲ್ಲಿ ಪರೀಕ್ಷಿಸಿ, ಅದು ಆಕ್ಸಿಟೋಸಿನ್ನಿಗೆ ಕಡಮೆಯಲ್ಲವೆಂದು 2018ರಲ್ಲಿ ತಿಳಿಸಿದರು. ಬೆಳಗಾವಿಯವರು ಅಲ್ಲಿಯೂ ಇದ್ದರು. ಅಕ್ಷರಗಳನ್ನು ಕೂಡಿಸಿ ಆ ಪರೀಕ್ಷೆಗೆ ಇಟ್ಟ ಹೆಸರು ‘ಚಾಂಪಿಯನ್’. ನಂದಿದುರ್ಗದ ನೆರೆಯ ಗಣಿಯ ಹೆಸರೂ ಅದೇ ಆಗಿರುವುದು ಕೇವಲ ಕಾಕತಾಳೀಯ. ಆ ಗಣಿಗಳು 2001ರಲ್ಲಿಯೇ ಮುಚ್ಚಿದ್ದುವು.