ಇಲ್ಲದ ರಾಜ್ಯದ ತಂಡ

ಮಲ್ಕಾಜ್‌ಗಿರಿಯಿಂದ ಬೊಲಾರಂ ಕಡೆಗೆ ಸಾಗುವ ರೈಲು ಹಾದಿಯಲ್ಲಿ ಕೆಲವೇ ನಿಲ್ದಾಣಗಳಾಚೆ ಅಮ್ಮುಗೂಡವಿದೆ. 1936ರಲ್ಲಿ ತುಳಸಿದಾಸ್ ಬಲರಾಂ ಹುಟ್ಟಿದ್ದು ಅಲ್ಲಿ, ತಮಿಳು ಮನೆಮಾತಿನ ಒಂದು ಬಡ ಕುಟುಂಬದಲ್ಲಿ. ಮೆಲ್ಬರ್ನ್ ಮತ್ತು ರೋಮ್ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಫುಟ್‌ಬಾಲ್ ಆಡಿದ ಈತ 2023ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡರು. ಅಂದು ನಾವು ಓದಿದ ಶ್ರದ್ಧಾಂಜಲಿಗಳೆಲ್ಲ ಅವರನ್ನು ಈಸ್ಟ್ ಬೆಂಗಾಲ್ ಕ್ಲಬ್ಬಿನವರೆಂದೇ ಬಣ್ಣಿಸಿದ್ದವು. ಅಮ್ಮುಗೂಡದ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅದೇ ಹಾದಿಯಲ್ಲಿ ವರ್ಷಗಟ್ಟಲೆ ಓಡಾಡಿದ ನಮಗೂ ಅದುವರೆಗೆ ಆ ಸಂಗತಿ ತಿಳಿದಿರಲಿಲ್ಲವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು. ಬಲರಾಂ ಯಾವ ಆಟದ ಪರಂಪರೆಯಿಂದ ಬಂದರೆಂದು ಹುಡುಕುತ್ತ ಹೋದಾಗ ಎದುರಾದದ್ದು ಒಂದು ಪೊಲೀಸ್ ತಂಡದ ಚರಿತ್ರೆ.

ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಮೊದಲಿದ್ದ ಹೆಸರು ಸಿಟಿ ಆಫ್ಘನ್ಸ್. ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಪೊಲೀಸ್ ಇಲಾಖೆ ಇದನ್ನು ಸಾಕಿ ಬೆಳೆಸಿತು. ಆಟಗಾರರು ಇಲಾಖೆಯ ನೌಕರರು, ಅವರಲ್ಲಿ ಹೆಚ್ಚಿನವರು ಸಾಮಾನ್ಯ ಪೇದೆಗಳು. 1950ರಲ್ಲಿ ಈ ತಂಡ ದೆಹಲಿಯಲ್ಲಿ ಮೋಹನ್ ಬಗಾನ್ ತಂಡವನ್ನು ಮಣಿಸಿ ಡ್ಯುರಾಂಡ್ ಕಪ್ ಗೆದ್ದಿತು. ಅದೇ ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನೂ ಗೆದ್ದಿತು. ಅಲ್ಲಿಂದ 1954ರವರೆಗೆ ರೋವರ್ಸ್ ಕಪ್ ಬೇರೊಬ್ಬರ ಕೈಸೇರಲಿಲ್ಲ. ಸತತ ಐದು ವರ್ಷ! ಕೋಲ್ಕತ್ತದ ಹೆಸರಾಂತ ಕ್ಲಬ್ಬುಗಳಲ್ಲಿ ಒಂದಕ್ಕೂ ಅಂಥ ಸಾಧನೆ ಒದಗಲಿಲ್ಲ.

ಈ ಗೆಲುವುಗಳ ಹಿಂದೆ ಇದ್ದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕರು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ, 1950ರಿಂದ ಪೊಲೀಸ್ ತಂಡದ ತರಬೇತುದಾರರಾಗಿ, ಜೊತೆಜೊತೆಗೇ ರಾಷ್ಟ್ರೀಯ ತಂಡದ ತರಬೇತುದಾರರಾಗಿ ದುಡಿದರು. ಅವರು ಆಟ ಕಲಿಸಿದ ರೀತಿಯಲ್ಲಿ ಶಾಲಾ ಮೇಷ್ಟ್ರೇ ಕಾಣುತ್ತಾರೆ. ಚೆಂಡನ್ನು ತಾನೊಬ್ಬನೇ ಉರುಳಿಸಿಕೊಂಡು ಹೋಗುವುದಕ್ಕೆ ಅವಕಾಶವೇ ಇಲ್ಲದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಸಿಕ್ಕ ಚೆಂಡನ್ನು ತಕ್ಷಣ ಜೊತೆಗಾರನಿಗೆ ದಾಟಿಸಬೇಕು. ಎಡಗಾಲು ಸೋಮಾರಿಯಾದವನು ಎಡಗಾಲಿನಿಂದಲೇ ಆಡಬೇಕಾದ ಪಂದ್ಯಗಳೂ ಇದ್ದವು. ಬಾಯಿಪಾಠದ ಹುಡುಗನಿಗೆ ಸ್ವಂತ ವಾಕ್ಯ ಬರೆಸುವ ಉಪಾಯ ಇದು. ಅಮ್ಮುಗೂಡದ ಬಲರಾಂ ಅವರ ಕಣ್ಣಿಗೆ ಬಿದ್ದಾಗ, ಅಷ್ಟು ದೂರದಿಂದ ಅಭ್ಯಾಸಕ್ಕೆ ಬರಲು ಹುಡುಗನ ಬಳಿ ದುಡ್ಡಿರಲಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಂ ಸಾಹೇಬರು ತಮ್ಮ ಜೇಬಿನಿಂದ ಹಣ ಕೊಡುತ್ತಿದ್ದರೆಂದು ಬಲರಾಂ ಮುದಿವಯಸ್ಸಿನಲ್ಲೂ ನೆನೆಯುತ್ತಿದ್ದರು.

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್, 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೊಮ್ಮೆ ಚಿನ್ನ. ನೂರ್ ಮೊಹಮ್ಮದ್, ಅಜೀಜುದ್ದೀನ್, ಪೀಟರ್ ತಂಗರಾಜ್, ಯೂಸುಫ್ ಖಾನ್ ಮುಂತಾಗಿ ಹೈದರಾಬಾದ್ ನೆಲದವರು ಈ ತಂಡಗಳಲ್ಲಿ ಒಂದಲ್ಲ ಒಂದರಲ್ಲಿ ಇದ್ದೇ ಇದ್ದರು.

ಇಲ್ಲಿ ಕನ್ನಡಿಗರಾದ ನಾವು ಒಂದು ಕ್ಷಣ ನಿಲ್ಲಬೇಕು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಪೊಲೀಸರು ರೋವರ್ಸ್ ಕಪ್ ಎತ್ತಿದ ಆ ಐದು ವರ್ಷಗಳಲ್ಲಿ ಕಲಬುರಗಿಯವನಿಗೆ ಅದು ತನ್ನ ರಾಜಧಾನಿಯ ತಂಡ. ಏಕೀಕರಣದ ಸಂಭ್ರಮದಲ್ಲಿ ಈ ಸಣ್ಣ ಬಾಂಧವ್ಯ ಕಡಿದದ್ದನ್ನು ಯಾರೂ ಗಮನಿಸಿದಂತಿಲ್ಲ. ಗಮನಿಸಲು ಅದು ಅಷ್ಟು ದೊಡ್ಡದೂ ಅಲ್ಲ. ಆದರೆ ಫುಟ್‌ಬಾಲ್ ಸಂಸ್ಥೆಗೆ ರಾಜ್ಯ ಮುಗಿದ ಸುದ್ದಿ ತಡವಾಗಿ ಮುಟ್ಟಿತೋ ಏನೋ, 1957-58ರ ಸಂತೋಷ್ ಟ್ರೋಫಿಯನ್ನು ಮುಂಬಯಿಯನ್ನು ಸೋಲಿಸಿ ಗೆದ್ದ ತಂಡದ ಹೆಸರು ಹೈದರಾಬಾದ್ ಎಂದೇ ಇತ್ತು. ಅದು ಸತತ ಎರಡನೆಯ ಗೆಲುವು. ಆಟ ನಡೆದದ್ದೂ ಹೈದರಾಬಾದಿನಲ್ಲೇ. ಆ ವೇಳೆಗೆ ಆ ಹೆಸರಿನ ರಾಜ್ಯ ಭೂಪಟದಲ್ಲಿರಲಿಲ್ಲ. ಸಿಟಿ ಪೊಲೀಸ್ ತಂಡವೂ ಕ್ರಮೇಣ ಆಂಧ್ರ ಪ್ರದೇಶ ಪೊಲೀಸ್ ಆಯಿತು.

ಮೈಸೂರು ಸೀಮೆಯವರಿಗೂ ಇಂಥದೇ ಒಂದು ಕಥೆಯಿದೆ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊತ್ತಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದದ್ದೂ ಅವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಿತಷ್ಟೆ. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲಾದ ಆ ಒಂದು ಗೋಲನ್ನು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಮುಂದೆ ಆಟ ಕಾರ್ಖಾನೆಗಳ ಆಶ್ರಯಕ್ಕೆ ಬಂದಿತು. 1977ರ ಮೊದಲ ಫೆಡರೇಶನ್ ಕಪ್ಪನ್ನು ಮೋಹನ್ ಬಗಾನ್ ಎದುರು ಗೆದ್ದದ್ದು ಬೆಂಗಳೂರಿನ ಐಟಿಐ, ಅಂದರೆ ಟೆಲಿಫೋನ್ ತಯಾರಿಸುವ ಸರ್ಕಾರಿ ಕಾರ್ಖಾನೆಯ ನೌಕರರು. ಆ ಕಾರ್ಖಾನೆಗೆ ಬೇಡಿಕೆ ಕುಸಿದಾಗ ತಂಡವೂ ಬಾಡಿತು.

ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಇಲಾಖೆಯ ತಂಡವೆಂದರೆ ಕೊನೆಗೂ ಮಂಜೂರಾದ ಕೆಲವು ಹುದ್ದೆಗಳು. ಆಸಕ್ತಿಯುಳ್ಳ ಅಧಿಕಾರಿ ಇರುವವರೆಗೆ ಭರ್ತಿ ನಡೆಯುತ್ತದೆ, ಆಟಗಾರನಿಗೆ ಅಭ್ಯಾಸಕ್ಕೆ ಬಿಡುವು ದೊರೆಯುತ್ತದೆ. ಅವರ ವರ್ಗಾವಣೆಯಾದರೆ ಗೋಲು ಹೊಡೆಯುವವನೂ ಬಂದೋಬಸ್ತಿಗೆ ಹೋಗಬೇಕು. ಹಾಗೆಂದು ಆ ವ್ಯವಸ್ಥೆಯನ್ನು ನಾವು ಹಳಿಯಲಾರೆವು. ಬಡವರ ಮಕ್ಕಳಿಗೆ ಆಟದ ಜೊತೆ ಪಿಂಚಣಿಯನ್ನೂ ಕೊಟ್ಟದ್ದು ಅದೊಂದೇ. ಆದರೆ ಅದರಲ್ಲಿ ಊರಿಗೆ ಪಾಲಿರಲಿಲ್ಲ. ಪ್ಯಾರಿಸ್ಸಿನ ಅಂಚಿನ ಸಾಂತ್-ಉಆಂನಲ್ಲಿ ರೆಡ್ ಸ್ಟಾರ್ ಎಂಬ ಕ್ಲಬ್ಬಿದೆ. ಮುಂದೆ ವಿಶ್ವಕಪ್ಪನ್ನು ಆರಂಭಿಸಿದ ಜೂಲ್ ರಿಮೆ 1897ರಲ್ಲಿ ಸ್ಥಾಪಿಸಿದ್ದು. ಐದು ಬಾರಿ ಫ್ರೆಂಚ್ ಕಪ್ ಗೆದ್ದಿದ್ದರೂ ಕೊನೆಯ ಗೆಲುವು 1942ರದ್ದು. ಆಮೇಲೆ ಕೆಳಗಿನ ವಿಭಾಗಗಳಲ್ಲಿ ದಶಕಗಟ್ಟಲೆ ಏಳುತ್ತ ಬೀಳುತ್ತ ಬಂದಿದೆ. ಆದರೂ ಅದು ಇದೆ; ಸೋತ ತಂಡವನ್ನು ನೋಡಲು ಅಜ್ಜನ ಹಿಂದೆ ಮೊಮ್ಮಗನೂ ಹೋಗುತ್ತಾನೆ. ನಮ್ಮ ಪೊಲೀಸ್ ತಂಡಕ್ಕೆ ಸೋಲುತ್ತ ಬದುಕುವ ಆ ಅವಕಾಶ ಸಿಗಲಿಲ್ಲ.

ಕ್ಯಾನ್ಸರಿನಿಂದ ನರಳುತ್ತಲೇ ಜಕಾರ್ತಾಕ್ಕೆ ಹೋಗಿದ್ದ ರಹೀಂ 1963ರ ಜೂನ್ 11ರಂದು ತೀರಿಕೊಂಡರು. ಬಲರಾಂ 1957ರಲ್ಲೇ ಕೋಲ್ಕತ್ತಕ್ಕೆ ಹೋಗಿಯಾಗಿತ್ತು, ಅವರಂತೆ ಇನ್ನೂ ಕೆಲವರು ಆ ಹಾದಿ ಹಿಡಿದರು. 1965-66ರಲ್ಲಿ ಆಂಧ್ರ ಪ್ರದೇಶ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದು ಆ ಪರಂಪರೆಯ ಕೊನೆಯ ದೊಡ್ಡ ಗೆಲುವು.

2019ರಲ್ಲಿ ಪುಣೆಯ ಕ್ಲಬ್ಬೊಂದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಹುಟ್ಟಿಕೊಂಡಿತು. ಗಚ್ಚಿಬೌಲಿ ಅದರ ಮೈದಾನ. 2022ರ ಮಾರ್ಚ್ 20ರಂದು ಇಂಡಿಯನ್ ಸೂಪರ್ ಲೀಗ್ ಗೆದ್ದಾಗ, ಕೊರೊನಾದ ದೆಸೆಯಿಂದ ಆ ಋತುವಿನ ಪಂದ್ಯಗಳೆಲ್ಲ ಗೋವಾದಲ್ಲಿ ನಡೆದಿದ್ದವು. ಊರಿನವರು ಗೆಲುವನ್ನು ಟಿವಿಯಲ್ಲಿ ನೋಡಿದರು. 2025ರಲ್ಲಿ ಆ ತಂಡವೂ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಪೇದೆಗಳ ಐದು ವರ್ಷಗಳ ದಾಖಲೆಯನ್ನು ಮುರಿಯಲು ಇನ್ನು ಯಾರಿಗೂ ಸಾಧ್ಯವಿಲ್ಲ, ರೋವರ್ಸ್ ಕಪ್ ಪಂದ್ಯಾವಳಿಯೇ ನಿಂತುಹೋಗಿದೆ.