ಪದ ಪರಿಚಯ: ನಿಷೇಧಾಜ್ಞೆ

ನಿಷೇಧ, ಆಜ್ಞೆ ಎರಡೂ ಸಂಸ್ಕೃತದವು. ಸೇರಿದಾಗ ಸವರ್ಣದೀರ್ಘ ಸಂಧಿ. ‘ಆಜ್ಞೆ’ಯ ತದ್ಭವವೇ ನಮ್ಮ ‘ಆಣೆ’. ಹಳಗನ್ನಡದಲ್ಲಿ ಆಣೆಯೆಂದರೆ ಅರಸನ ಅಪ್ಪಣೆಯೂ ಹೌದು. ಈಗ ಆಡುಮಾತಿನಲ್ಲಿ ಉಳಿದಿರುವುದು ಪ್ರಮಾಣದ ಅರ್ಥ. ಕೊಳ್ಳೇಗಾಲ, ಹನೂರಿನ ಕಡೆ ‘ಮಾದಪ್ಪನಾಣೆ’ ಎಂದ ಮೇಲೆ ಮಾತು ಮುಗಿಯಿತು.

ಆ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟಕ್ಕೂ 2020ರಲ್ಲಿ ನಿಷೇಧ ತಟ್ಟಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ರಾಜ್ಯ ಸರ್ಕಾರ ಮಾರ್ಚ್ 11ರಂದು ಕೋವಿಡ್ ನಿಯಮಗಳನ್ನು ಹೊರಡಿಸಿತ್ತು. ದೇಶವ್ಯಾಪಿ ಲಾಕ್‌ಡೌನ್ ಶುರುವಾದ ಮಾರ್ಚ್ 25ರಂದೇ ಯುಗಾದಿ. ಭಕ್ತರು ಹನೂರು ದಾಟಿ ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತುವ ಜಾತ್ರೆಯ ಹೊತ್ತು. ದೇಗುಲದ ಬಾಗಿಲು ಭಕ್ತರಿಗೆ ಮುಚ್ಚಿತ್ತು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲೂ ಅದೇ ಕಥೆ. ಚಾಮರಾಜನಗರ ಜಿಲ್ಲೆಯಲ್ಲಿ ಮೊದಲ ಸೋಂಕು ಕಂಡದ್ದು ಜೂನ್‌ನಲ್ಲಿ, ರಾಜ್ಯದ ಬೇರೆಲ್ಲ ಜಿಲ್ಲೆಗಳ ನಂತರ. ಸೋಂಕು ಅಷ್ಟು ತಡವಾಗಿ ಬಂದದ್ದರಲ್ಲಿ ದುಡಿಮೆ ಬಿಟ್ಟು ಮನೆಯಲ್ಲಿ ಕೂತ ಕೂಲಿಯವರ ಪಾಲು ದೊಡ್ಡದೆಂದೇ ನನ್ನ ಎಣಿಕೆ.

ಕಡತದಲ್ಲಿ ನಿಷೇಧಾಜ್ಞೆ ‘ಜಾರಿಯಾಗುತ್ತದೆ’. ಸಂತೆಬೀದಿಯಲ್ಲಿ ‘ನೂರನಲ್ವತ್ನಾಕು ಹಾಕವ್ರೆ’ ಅಂದರೆ ಸಾಕು. ದಂಡ ಪ್ರಕ್ರಿಯಾ ಸಂಹಿತೆಯ ಆ 144ನೇ ಸೆಕ್ಷನ್ನಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಬಂದಿದೆ. ಇದನ್ನು ಕರ್ಫ್ಯೂ ಎಂದೇ ಬರೆಯುವವರಿದ್ದಾರೆ, ಸರಿಯಲ್ಲ. ನಿಷೇಧಾಜ್ಞೆ ಸಾಮಾನ್ಯವಾಗಿ ತಡೆಯುವುದು ಗುಂಪುಗೂಡುವುದನ್ನು; ಕರ್ಫ್ಯೂ ಇದ್ದರೆ ಒಬ್ಬರೂ ಮನೆಯಿಂದ ಹೊರಬರುವಂತಿಲ್ಲ.