ಹಗುರಾಗಲು ಹೊರಟ ಅಡ್ಮಿರಲ್



ಬೆಳಿಗ್ಗೆ ರೇಡಿಯೋ ಹಾಕುವ ಹೊತ್ತಿಗೆ ನಿಮ್ಮ ಮನೆಯ ಬಚ್ಚಲಿನಿಂದಲೋ, ಪಕ್ಕದ ಫ್ಲಾಟಿನಿಂದಲೋ ಒಂದು ಸದ್ದು ಕೇಳಿಬರುತ್ತದಲ್ಲವೇ? ಗಂಟಲಿಗೆ ಎರಡು ಬೆರಳು ಹಾಕಿ 'ಪಿತ್ತ ತೆಗೆಯುವ' ಸದ್ದು! ಊರು ಬಿಟ್ಟು ಈ ಮಹಾನಗರಕ್ಕೆ ಬಂದರೂ ನಮ್ಮವರು ಕೆಲವರು ಈ ಅಭ್ಯಾಸ ಬಿಟ್ಟಿಲ್ಲ. ಇನ್ನು ಕೆಲವರಿಗೆ ಪಾರ್ಟಿಯಲ್ಲಿ ಊಟ ಹೆಚ್ಚಾದರೆ 'ಕಕ್ಕಿಬಿಟ್ಟರೆ ಹಗುರ' ಎನ್ನುವ ನಂಬಿಕೆ. ಹೀಗೆ ಹಗುರಾಗಲು ಹೊರಟ ಒಬ್ಬ ದೊಡ್ಡ ಮನುಷ್ಯನ ಕಥೆಯನ್ನು ಇಂದು ನಿಮಗೆ ಹೇಳಬೇಕು. ಕಥೆ 300 ವರ್ಷ ಹಳೆಯದು, ಹಾಲೆಂಡಿನದು.

ಬ್ಯಾರನ್ ಯಾನ್ ವಾನ್ ವಾಸೆನಾರ್ ಡಚ್ ನೌಕಾಪಡೆಯ ಅಡ್ಮಿರಲ್. ಭರ್ಜರಿ ಊಟ ಅವನ ದೌರ್ಬಲ್ಯ. ಉಂಡ ಮೇಲೆ ಹೊಟ್ಟೆ ಭಾರವಾದರೆ ವಾಂತಿಯ ಕಷಾಯ ಕುಡಿದು ಎಲ್ಲವನ್ನೂ ಹೊರಹಾಕುವುದು ಅವನ ರೂಢಿ. 1723ರ ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಕರುವಿನ ಮಾಂಸದ ಸೂಪು, ಕುರಿಮಾಂಸ, ಕೋಸು, ಪಾಲಕ್, ಬಾತುಕೋಳಿ, ಜೊತೆಗೆ ಬಿಯರು, ವೈನು ಎಲ್ಲವೂ ಆಯಿತು. ರಾತ್ರಿ ಹೊಟ್ಟೆ ತೊಳಸತೊಡಗಿತು. ಎಂದಿನಂತೆ ಕಷಾಯ ಕುಡಿದ. ಬಂದದ್ದು ಸ್ವಲ್ಪವೇ. ಮತ್ತಷ್ಟು ಕುಡಿದು ಬಲವಂತ ಮಾಡಿದ. ಆಗ ಕೂಗಿಕೊಂಡನಂತೆ ನೋಡಿ! ಒಳಗೆ ಏನೋ ಹರಿದುಹೋಯಿತು ಎಂದ. ಮಲಗಲಾರ, ನೆಟ್ಟಗೆ ಕೂರಲಾರ. ಮುಂದಕ್ಕೆ ಬಾಗಿಸಿ ಸೇವಕರು ಹಿಡಿದುಕೊಳ್ಳಬೇಕಾಯಿತು. ಮರುದಿನ ಸಂಜೆಯ ಹೊತ್ತಿಗೆ ಪ್ರಾಣ ಹೋಯಿತು.

ಚಿಕಿತ್ಸೆಗೆ ಬಂದಿದ್ದವರು ಲೈಡನ್ ವಿಶ್ವವಿದ್ಯಾಲಯದ ಹೆರ್ಮಾನ್ ಬೂರ್‌ಹಾವೆ. 'ಬೂರ್‌ಹಾವೆ, ಯುರೋಪ್' ಎಂದಷ್ಟೇ ಬರೆದ ಕಾಗದವೂ ಅವರ ಕೈ ಸೇರುತ್ತಿತ್ತು ಎಂಬ ಕಥೆಯಿದೆ, ಅಷ್ಟು ಹೆಸರುವಾಸಿ. ಅವರಿಗೂ ರೋಗ ತಿಳಿಯಲಿಲ್ಲ. ಶವಪರೀಕ್ಷೆ ಮಾಡಿ ಎದೆಗೂಡು ತೆರೆದಾಗ ಬಾತುಕೋಳಿ ಮಾಂಸದ ವಾಸನೆ! ಕುಡಿದದ್ದೆಲ್ಲ ಶ್ವಾಸಕೋಶದ ಸುತ್ತ ತುಂಬಿಕೊಂಡಿತ್ತು. ಅನ್ನನಾಳವೇ ಹರಿದುಹೋಗಿತ್ತು. 1724ರಲ್ಲಿ ಅವರು ಇದನ್ನೆಲ್ಲ ಲ್ಯಾಟಿನ್ ಭಾಷೆಯಲ್ಲಿ ಬರೆದು ಪ್ರಕಟಿಸಿದರು. ಇಂದಿಗೂ ಆ ಕಾಯಿಲೆಗೆ ಅವರದೇ ಹೆಸರು. ಉಂಡು ಸತ್ತವನ ಹೆಸರು ಮಾತ್ರ ಹಿಂದೆ ಸರಿಯಿತು.

ಹರಿದದ್ದೇಕೆ? ವಾಂತಿ ಮಾಡುವಾಗ ಹೊಟ್ಟೆಯ ಸ್ನಾಯುಗಳೂ ವಪೆಯೂ ಸೇರಿ ಜಠರವನ್ನು ಹಿಂಡುತ್ತವೆ. ಆ ಒತ್ತಡವೆಲ್ಲ ಅನ್ನನಾಳದ ಕೆಳತುದಿಗೆ. ಅದರ ಎಡಗೋಡೆ ಅಲ್ಲಿ ತುಸು ದುರ್ಬಲ. ಇಂಥ ಪೂರ್ತಿ ಹರಿತ ಅಪರೂಪ, ನಿಜ. ಆದರೆ ಒಳಪದರ ಮಾತ್ರ ಸೀಳಿ ರಕ್ತ ಕಕ್ಕುವುದು ಅಷ್ಟು ಅಪರೂಪವಲ್ಲ. 1929ರಲ್ಲಿ ಬಾಸ್ಟನ್ನಿನ ಮ್ಯಾಲರಿ ಮತ್ತು ವೈಸ್ ಎಂಬ ವೈದ್ಯರು ಮದ್ಯವ್ಯಸನಿಗಳಲ್ಲಿ ಇದನ್ನು ಕಂಡು ಬರೆದರು.

ಇನ್ನು ಆ ಹುಳಿನೀರಿನ ವಿಷಯ. ಬೆಳಿಗ್ಗೆ ಬರುವ ಹುಳಿಯನ್ನು ನಾವು ಪಿತ್ತ ಎನ್ನುತ್ತೇವೆ. ಪಿತ್ತರಸ ಯಕೃತ್ತಿನದು, ಕಹಿ, ಹಳದಿ. ಹುಳಿ ಜಠರದ್ದು. ಅದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಲಂಡನ್ನಿನಲ್ಲಿ ವಿಲಿಯಂ ಪ್ರೌಟ್ ತೋರಿಸಿದ್ದು 1823ರಲ್ಲಿ, ಅಡ್ಮಿರಲ್ ಸತ್ತು ಸರಿಯಾಗಿ 100 ವರ್ಷಕ್ಕೆ. ಜಠರಕ್ಕೆ ಲೋಳೆಯ ರಕ್ಷಣೆ ಇದೆ, ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಅನ್ನನಾಳಕ್ಕೆ ಆ ಭಾಗ್ಯವಿಲ್ಲ, ಹಲ್ಲಿಗಂತೂ ಇಲ್ಲವೇ ಇಲ್ಲ. ಪದೇ ಪದೇ ವಾಂತಿ ಮಾಡಿಕೊಳ್ಳುವವರ ಹಲ್ಲಿನ ಎನಾಮೆಲ್ ಒಳಬದಿಯಿಂದ ಕರಗುತ್ತದೆ. ವಾಂತಿಯಾದ ತಕ್ಷಣ ಬ್ರಷ್ ಮಾಡಿದರೆ ಮೆತ್ತಗಾದ ಪದರವನ್ನು ನಾವೇ ಉಜ್ಜಿ ತೆಗೆದಂತೆ! ನೀರಿನಿಂದ ಬಾಯಿ ಮುಕ್ಕಳಿಸಿ, ಬ್ರಷ್ ಆಮೇಲೆ. ಪೊಟ್ಯಾಸಿಯಂ ಕಡಿಮೆಯಾಗಿ ಹೃದಯದ ಬಡಿತ ತಪ್ಪುವುದೂ ಉಂಟು. ತೆಳ್ಳಗಾಗಲು ಗುಟ್ಟಾಗಿ ವಾಂತಿ ಮಾಡಿಕೊಳ್ಳುವ ಹುಡುಗಿಯರ, ಹುಡುಗರ ತಾಯ್ತಂದೆಯರು ಇದನ್ನು ತಿಳಿದಿರಲಿ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಈ ಕಾಯಿಲೆಗೆ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟರು. ಬೆರಳಿನ ಗೆಣ್ಣಿನ ಮೇಲೆ ಹಲ್ಲು ತಾಗಿದ ಗಾಯದ ಗುರುತನ್ನೂ ಅವರು ಗಮನಿಸಿದ್ದರು. ಕಂಡರೆ ಗದರಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.

ಬೂರ್‌ಹಾವೆ ಕಂಡ ಹರಿತಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಮದ್ದಿರಲಿಲ್ಲ. 1947ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಹರಿದ ಅನ್ನನಾಳ ಹೊಲಿದು ರೋಗಿಯನ್ನು ಉಳಿಸಿಕೊಂಡ ವರದಿ ಪ್ರಕಟಿಸಿದರು. 1950ರಲ್ಲಿ ಅದೇ ಬ್ಯಾರೆಟ್, ಅನ್ನನಾಳದ ಕೆಳಭಾಗದಲ್ಲಿ ಬೇರೆಯದೇ ಬಗೆಯ ಒಳಪದರ ಇರುವುದನ್ನು ವರ್ಣಿಸಿದರು. ಮೇಲಕ್ಕೆ ಸರಿದ ಜಠರವೇ ಅದು ಎಂದು ಮೊದಲು ತಿಳಿದಿದ್ದರು, 1957ರಲ್ಲಿ ತಿದ್ದಿಕೊಂಡರು. ವರ್ಷಗಟ್ಟಲೆ ಆಮ್ಲ ಮೇಲೆ ಬಂದು ಸುಟ್ಟಾಗ ಹೀಗಾಗುತ್ತದೆ, ಮುಂದೆ ಕ್ಯಾನ್ಸರಿನ ಸಂಭವವನ್ನೂ ಹೆಚ್ಚಿಸುತ್ತದೆ ಎಂಬುದು ಈಗ ಗೊತ್ತಿರುವ ಸಂಗತಿ. ಆದ್ದರಿಂದ ದಿನವೂ ಎದೆಯುರಿಯೆಂದು ಮಾತ್ರೆ ನುಂಗುತ್ತಾ ಕೂತಿರುವವರು ಒಮ್ಮೆ ತೋರಿಸಿಕೊಳ್ಳಿ.

ಜೋರಾಗಿ ವಾಂತಿಯಾದ ಬೆನ್ನಿಗೇ ಎದೆಯಲ್ಲಿ ಸಹಿಸಲಾಗದ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಹೃದಯಾಘಾತವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇರುವುದರಿಂದ, ನೋವಿಗೆ ಮೊದಲು ವಾಂತಿಯಾಗಿತ್ತು ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ.